ಅವ್ವನ ಬೆರಳಿಗೆ ಗೊತ್ತಿದ್ದ ಮೂಗು

ನಾನು ಕೆತ್ತಿದ ಮೂಗುಗಳಲ್ಲಿ ಒಂದೂ ಸೊಟ್ಟಗಿರಲಿಲ್ಲ. ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು. ಬೇಗಂಪೇಟೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಮುತ್ತಿನ ವ್ಯಾಪಾರಿಯೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಚಿಪ್ಪಿನ ಮೇಲೆ ಹೆಂಗಸರ ಮುಖ ಕೆತ್ತುತ್ತಿದ್ದೇನೆ. ಕ್ಯಾಮಿಯೊ ಅನ್ನುತ್ತಾರೆ ಅದಕ್ಕೆ. ಪದಕವಾಗಿ, ಉಂಗುರವಾಗಿ, ಸೀರೆಯ ಪಿನ್ನಾಗಿ ಹೋಗುತ್ತದೆ. ಕಂದು ನೆಲದ ಮೇಲೆ ಎದ್ದು ನಿಂತ ಬಿಳಿ ಮುಖ, ಪಕ್ಕದಿಂದ ಕಂಡಂತೆ. ನೋಡಿದವರೆಲ್ಲ ಬಣ್ಣ ಬಳಿದದ್ದೇ ಎಂದು ಕೇಳುತ್ತಾರೆ, ನನಗೆ ಸಿಟ್ಟು ಬರುತ್ತದೆ. ಬಣ್ಣವಲ್ಲ ಮಾರಾಯರೇ! ಆ ದೊಡ್ಡ ಶಂಖದ ಗೋಡೆಯೇ ಎರಡು ಪದರ. ಮೇಲೆ ಕೆನೆಯಂಥ ಬಿಳಿ, ಕೆಳಗೆ ಬೆಲ್ಲದ ಬಣ್ಣ. ಬಿಳಿಯನ್ನು ಬೇಕಾದಲ್ಲಿ ಉಳಿಸಿ ಬೇಡವಾದಲ್ಲಿ ತೆಗೆಯುತ್ತ ಹೋದರೆ ಮುಖ ಮೇಲೇಳುತ್ತದೆ. ತೆಗೆದದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ, ಈ ಕೆಲಸದ ಕಷ್ಟ ಅಷ್ಟೇ.

ಹೈದರಾಬಾದಿಗೆ ಸಮುದ್ರವೇ ಇಲ್ಲ. ಆದರೂ ಊರೆಲ್ಲ ಮುತ್ತು ಮಾರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಚಿಪ್ಪು ಎಲ್ಲಿಂದ ಬಂತು ಎಂದು ಮಾತ್ರ ನನ್ನನ್ನು ಕೇಳುತ್ತಾರೆ. ನಮ್ಮ ದೇಶದ ಸಮುದ್ರದಲ್ಲೂ ಅಂಥ ಶಂಖಗಳಿವೆಯಂತೆ, ಆದರೆ ಅವನ್ನು ಮುಟ್ಟಲು ಕಾನೂನು ಬಿಡುವುದಿಲ್ಲ. ನಮಗೆ ಹೊರದೇಶದಿಂದ ಮೊದಲೇ ಕತ್ತರಿಸಿದ, ಮೊಟ್ಟೆಯಾಕಾರದ ತುಂಡುಗಳು ಪಾರ್ಸೆಲ್ಲಿನಲ್ಲಿ ಬರುತ್ತಿದ್ದವು. ಈಗ ಅವೂ ಅಪರೂಪ. ಒಳ್ಳೆಯ ತುಂಡನ್ನು ಉಸ್ತಾದರು ಹತ್ತಿಯಲ್ಲಿ ಸುತ್ತಿ ಬೀಗದೊಳಗೆ ಇಡುತ್ತಾರೆ.

ಉಸ್ತಾದರೆಂದರೆ ನನಗೆ ಈ ಕೆಲಸ ಕಲಿಸಿದವರು. ಹಿಂದೆ ಉಂಗುರದ ಕಲ್ಲಿನ ಮೇಲೆ ಹೆಸರು ಕೆತ್ತುತ್ತಿದ್ದವರು, ಆಮೇಲೆ ಚಿಪ್ಪಿಗೆ ಬಂದರು. ಮುಂಬಯಿಯಲ್ಲಿ ಒಬ್ಬ ವಿದೇಶಿಯಿಂದ ಕಲಿತೆ ಅನ್ನುತ್ತಾರೆ. ಅವರ ಕತೆಯಲ್ಲಿ ಆ ವಿದೇಶಿ ಒಮ್ಮೆ ಹಡಗಿನ ನಾವಿಕನಾಗಿರುತ್ತಾನೆ, ಇನ್ನೊಮ್ಮೆ ಪಾದ್ರಿಯಾಗಿರುತ್ತಾನೆ. ನಾನು ಮೊದಲು ಆ ಅಂಗಡಿಯಲ್ಲಿ ಮುತ್ತು ಪೋಣಿಸುವವಳು. ಒಂದು ದಿನ ನನ್ನ ಕೈಯನ್ನೇ ನೋಡುತ್ತ ನಿಂತರು, ಮಾರನೆಯ ದಿನ ಒಡೆದ ಚಿಪ್ಪಿನ ಚೂರೊಂದನ್ನು ಮುಂದಿಟ್ಟು, "ಬೇಟಿ, ನಾಕ್ ಬನಾ," ಅಂದರು. ಮೂಗು ಮಾಡು! ಒಂದು ವರ್ಷ ಪೂರ್ತಿ ಬರೀ ಮೂಗು. ಚಿಪ್ಪನ್ನು ಅರಗಿನಿಂದ ಮರದ ಗೂಟಕ್ಕೆ ಅಂಟಿಸಿ ಎಡಗೈಯಲ್ಲಿ ಹಿಡಿಯಬೇಕು, ಬಲಗೈಯಲ್ಲಿ ಸೂಜಿಯಷ್ಟು ಸಣ್ಣ ಉಳಿ. ಹಣೆಯಿಂದ ಮೂಗಿನ ತುದಿಯವರೆಗೆ ಒಂದೇ ಎಳೆತ, ಮಧ್ಯೆ ಕೈ ಎತ್ತುವ ಹಾಗಿಲ್ಲ. ಎತ್ತಿದರೆ "ನಕ್ಕೋ ಬೇಟಿ, ನಕ್ಕೋ," ಬೇಡ ಮಗಳೇ ಬೇಡ, ಎಂದು ಆ ಚೂರನ್ನು ಎತ್ತಿ ಕಸಕ್ಕೆ ಹಾಕುತ್ತಿದ್ದರು. ಕೊಳ್ಳುವವರಿಗೆ ಬೇಕಾದದ್ದು ಅಂಥ ನೆಟ್ಟನೆಯ ಮೂಗೇ. ತಮ್ಮ ಅಜ್ಜಿಯ ಫೋಟೊ ಕೊಟ್ಟು ಕೆತ್ತಿಸಿಕೊಂಡವರೂ ಮೂಗು ಮಾತ್ರ ಅಜ್ಜಿಯದ್ದು ಬೇಡ ಅನ್ನುತ್ತಿದ್ದರು.

ಇಷ್ಟೆಲ್ಲ ನೆಟ್ಟನೆಯ ಮೂಗು ಕೆತ್ತಿದವಳ ಸ್ವಂತ ಮೂಗು ಹೇಗಿದೆ ಎಂದರೆ, ನಡುಮಧ್ಯದಲ್ಲಿ ಮುರಿದು ಕೂಡಿಕೊಂಡು ಕಡಲೆಕಾಳಿನಷ್ಟು ಉಬ್ಬಿದೆ. ನನಗೆ ಐದು ವರ್ಷ ಆಗ. ರಾಯಚೂರಿನ ಕಡೆಯಿಂದ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬಂದಿದ್ದರು. ಅಮೀರ್‌ಪೇಟ್‌ನಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಅವ್ವ ನನ್ನನ್ನು ಮರಳಿನ ಗುಡ್ಡೆಯ ಮೇಲೆ ಕೂರಿಸಿ, ಅಲುಗಬೇಡ ಎಂದು ಹೇಳಿ, ಬುಟ್ಟಿ ಹೊತ್ತು ಮೇಲೆ ಹೋದಳು. ನಾನು ಅಲುಗದೆ ಇರುವ ಪೈಕಿಯೇ? ಕಂಬಿ ಇಲ್ಲದ ಮೆಟ್ಟಿಲು ಹತ್ತಿ ಅವಳ ಹಿಂದೆ ಹೋದೆ, ಕೆಳಗಿನ ಜಲ್ಲಿಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದೆ. ನನಗೆ ಬಿದ್ದದ್ದು ನೆನಪಿಲ್ಲ. ಅವ್ವನ ಸೆರಗು ಒದ್ದೆಯಾಗಿ ಕೆಂಪಾಗಿದ್ದದ್ದು ನೆನಪಿದೆ.

ಮದುವೆಯ ವಯಸ್ಸಿಗೆ ನೋಡಲು ಬಂದವರೊಬ್ಬರು ಅವಲಕ್ಕಿ ತಿಂದು, ಚಹಾ ಕುಡಿದು, "ಹುಡಿಗಿ ಛಲೋ ಐತ್ರಿ, ಮೂಗೊಂದು..." ಎಂದು ಮಾತು ಅರ್ಧಕ್ಕೆ ನಿಲ್ಲಿಸಿದರು. ನನಗೆ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. "ಉಸಿರಾಡಾಕ ಸಾಕಾಗೈತ್ರಿ," ಅಂದುಬಿಟ್ಟೆ. ಬಂದವರು ಎದ್ದು ಹೋದರು. ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ, ಅವಳು ಬೈಯಲಿಲ್ಲ. ಅಡುಗೆಯ ಮೂಲೆಗೆ ಹೋಗಿ ಬಹಳ ಹೊತ್ತು ತಟ್ಟೆ ತೊಳೆದಳು. ಆಮೇಲೆ ಬಂದ ಒಂದೆರಡು ಸಂಬಂಧಗಳನ್ನು ನಾನೇ ಬೇಡವೆಂದೆ. ಅಪ್ಪ ತೀರಿಕೊಂಡ ಮೇಲೆ ಸನತ್‌ನಗರದ ಒಂದೂವರೆ ಕೋಣೆಯ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಜಗಳವಾಡುತ್ತ ಚೆನ್ನಾಗಿಯೇ ಇದ್ದೆವು.

ಅವ್ವನ ಕಣ್ಣಿಗೆ ಏನೋ ಆಗಿದೆ ಎಂದು ಗೊತ್ತಾದದ್ದು ಅವಳ ಎಲೆಯಡಿಕೆಯ ಚಂಚಿಯಿಂದ. ಚಂಚಿ ಎಂದರೆ ನಮ್ಮ ಕಡೆಯ ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಎರಡು ಮೂರು ಖಾನೆಯ ಬಟ್ಟೆಯ ಚೀಲ. ಅದು ಪಕ್ಕದಲ್ಲೇ ಬಿದ್ದಿರುತ್ತಿತ್ತು, ಅವಳು "ಎಲ್ಲಿ ಒಗದೀ ನನ್ನ ಚಂಚಿ," ಎಂದು ನನ್ನ ಮೇಲೆ ಹರಿಹಾಯುತ್ತಿದ್ದಳು. ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ತೆಲುಗಿನಲ್ಲಿ ಹೇಳಿದರು. ಕಣ್ಣೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದ ನೋಟ ಮರಳಿ ಬರುವುದಿಲ್ಲ, ನಡುವೆ ಉಳಿದಿರುವ ಸ್ವಲ್ಪವೂ ಇನ್ನು ಕೆಲವೇ ತಿಂಗಳು. ಹನಿ ಹಾಕುತ್ತಿರಿ, ಅಷ್ಟೇ. ಅವ್ವನಿಗೆ ಕನ್ನಡದಲ್ಲಿ ಹೇಳುವಾಗ ನಾನು ಅರ್ಧ ನುಂಗಿದೆ. ಅವಳಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

ಮನೆಗೆ ಬಂದ ಮೇಲೆ ಅವಳೇ ಮಾತು ತೆಗೆದಳು. "ಈಗ ಹೆಂಗ ಕಾಣ್ತೈತಿ ಹೇಳ್ಲೇನು? ಕೊಳವಿಯೊಳಗಿಂದ ನೋಡಿದಂಗ. ನಿನ್ನ ಕಣ್ಣ ಕಂಡ್ರ ಬಾಯಿ ಕಾಣಂಗಿಲ್ಲ. ಬಾಯಿ ಕಂಡ್ರ ಕಣ್ಣ ಇಲ್ಲ. ನಿನ್ನ ಮಾರಿ ತುಂಡ ತುಂಡ ಆಗೇತವ್ವ."

ನಾನು ಹಾಲು ಕಾಯಿಸುತ್ತಿದ್ದೆ. ಉಕ್ಕಿ ಚೆಲ್ಲಿತು.

"ಊರ ಮಂದಿಗೆಲ್ಲ ಮಾರಿ ಕೆತ್ತಿ ಕೊಡ್ತೀ," ಅಂದಳು ಅವ್ವ. "ನನಗೊಂದು ಕೊಡು. ನಿಂದ. ನೀ ದಿನಾ ಕೆಲಸಕ್ಕ ಹೋಗ್ತಿ, ಸಂಜೀಕ ಬರ್ತಿ. ಹಗಲೆಲ್ಲ ಕತ್ತಲಾಗ ಕುಂತು ನಾ ಏನ ನೋಡ್ಲಿ? ಫೋಟೊ ಕೈಗೆ ಹತ್ತಂಗಿಲ್ಲ. ಚಿಪ್ಪ ಹತ್ತತೈತಿ. ಕಣ್ಣ ಇನ್ನೂ ಸ್ವಲ್ಪ ಇರೋವಾಗ್ಲೆ ಮಾಡು. ಒಮ್ಮೆ ಕಣ್ಲೆ ನೋಡ್ಕೋತ ಬೆರಳಾಡಸ್ತೀನಿ. ಕಣ್ಣ ಬೆರಳಿಗೆ ಹೇಳಿ ಕೊಟ್ಟು ಹೋಗ್ಲಿ."

ಅಳು ನುಗ್ಗಿ ಬಂತು. ಅಳುವ ಬದಲು, "ಒಲಿ ಮುಂದಿಂದ ಸರಿ ಅಂದ್ರ ಸರಿಯಂಗಿಲ್ಲ," ಎಂದು ಗದರಿದೆ. ಅವಳು ಒಲೆಯ ಹತ್ತಿರ ಇರಲೇ ಇಲ್ಲ.

ಮಾರನೆಯ ದಿನವೇ ಶುರು ಮಾಡಿದೆ. ಅಂಗಡಿಯ ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಕೂತು ಕೆತ್ತಲು ಉಸ್ತಾದರು ಒಪ್ಪಿದರು, ಒಂದು ಮಧ್ಯಮ ತುಂಡನ್ನೂ ಕೊಟ್ಟರು. ನಮ್ಮ ಮುಖದ ಪಕ್ಕ ನಮಗೇ ಕಾಣುವುದಿಲ್ಲವಲ್ಲ. ಮೊಬೈಲನ್ನು ಡಬ್ಬಿಗೆ ಒರಗಿಸಿ ಫೋಟೊ ತೆಗೆದುಕೊಂಡೆ. ಆ ಉಬ್ಬು ನೋಡಿ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಬಿಳಿ ಪದರದ ಮೇಲೆ ಪೆನ್ಸಿಲಿನಲ್ಲಿ ಉಬ್ಬನ್ನೂ ಸೇರಿಸಿಯೇ ಗೆರೆ ಎಳೆದೆ. ಆದರೆ ಉಳಿ ಹಿಡಿದ ಮೇಲೆ ಕೈ ನನ್ನ ಮಾತು ಕೇಳಬೇಕಲ್ಲ! ಹಣೆಯಿಂದ ಹೊರಟಿತು, ಎತ್ತದೆ, ನಿಲ್ಲದೆ, ಒಂದೇ ಎಳೆತಕ್ಕೆ ತುದಿ ಮುಟ್ಟಿತು. ಉಬ್ಬಿನ ಜಾಗದ ಬಿಳಿ ಪುಡಿಯಾಗಿ ನನ್ನ ಮಡಿಲಿಗೆ ಬಿತ್ತು. ನೋಡಿದರೆ ಮೂಗು ನೆಟ್ಟಗೆ.

ಆಗಲೇ ಅದನ್ನು ಬಿಟ್ಟು ಬೇರೆ ತುಂಡು ಕೇಳಬಹುದಿತ್ತು. ಕೇಳಲಿಲ್ಲ. ಎರಡು ಸಲ ಒರೆಸಿ ನೋಡಿದೆ, ಮೂರನೆಯ ಸಲ ಖುಷಿಯಾಯಿತು. ಚಿಪ್ಪಿನಲ್ಲಾದರೂ ಒಂದು ಸಲ ಹೀಗೆ ಇರಲಿ ಅನ್ನಿಸಿತು. ಅವ್ವನಿಗೂ ಇದೇ ಇಷ್ಟವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ವಾರ ಹಿಡಿದು ಜಡೆ, ಕಿವಿಯೋಲೆ, ಕುತ್ತಿಗೆಯ ಸರ ಎಲ್ಲ ಕೆತ್ತಿ, ಎಣ್ಣೆ ಹಚ್ಚಿ ಉಜ್ಜಿ ಹೊಳಪು ತಂದು ಮನೆಗೆ ಒಯ್ದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕರವಸ್ತ್ರ ಬಿಚ್ಚಿ ಬಿಚ್ಚಿ ನೋಡಿದೆ.

ಅವ್ವ ಕಿಟಕಿಯ ಬೆಳಕಿಗೆ ಹಿಡಿದು, ಕತ್ತು ಅತ್ತ ಇತ್ತ ಮಾಡಿ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ಹಣೆಯಿಂದ ಇಳಿಸಿದಳು. ಬೆರಳು ಸರ್ರನೆ ಜಾರಿ ತುಟಿಗೆ ಬಂತು. ಮತ್ತೆ ಹಣೆಗೆ ಹೋಗಿ ಮತ್ತೆ ಇಳಿಯಿತು.

"ಚಂದ ಐತಿ," ಅಂದಳು. "ಯಾರದಿದು?"

"ಯಾರದು ಅಂದ್ರ? ನಂದ!"

"ನಿಂದಲ್ಲ ಬಿಡು. ಯಾರೋ ಸಾವುಕಾರ್ತಿ ಇದ್ದಂಗ ಅದಾಳ." ಚಿಪ್ಪನ್ನು ನನ್ನ ಕೈಗೆ ವಾಪಸು ಇಟ್ಟಳು. "ನನ್ನ ಮಗಳ ಮೂಗ ಎಲ್ಲೈತಿ?"

ನನಗೆ ತಲೆ ಕೆಟ್ಟಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಮೂರು ವಾರದ ಕೆಲಸ, ಬೆನ್ನು ಬಿದ್ದು ಹೋಗಿದೆ, ನಿನಗೆ ಏನು ಮಾಡಿದರೂ ಸಮಾಧಾನ ಇಲ್ಲ, ಆ ಡೊಂಕು ಮೂಗನ್ನು ಚಿಪ್ಪಿನ ಮೇಲೂ ಹೊತ್ತು ತಿರುಗಬೇಕೇ ನಾನು, ಅದನ್ನು ನೋಡಿ ನೋಡಿ ನನಗೇ ಸಾಕಾಗಿದೆ. ನಾನು ನಿಲ್ಲಿಸಿದ ಮೇಲೆ ಅವ್ವ ನನ್ನನ್ನು ಹತ್ತಿರ ಕೂರಿಸಿಕೊಂಡು ನನ್ನ ಮೂಗಿನ ಮೇಲೆ ಹೆಬ್ಬೆರಳಿಟ್ಟಳು.

"ನೀ ಬಿದ್ದಾಗ ಇದು ಇನ್ನೂ ಮೆತ್ತಗಿತ್ತು," ಅಂದಳು. "ಕೊಬ್ಬರಿ ಎಣ್ಣಿ ಬೆಚ್ಚಗ ಮಾಡಿ ದಿನಾ ಸಂಜೀಕ ತಿಕ್ತಿದ್ದೆ. ಒತ್ತಿದ್ರ ನೆಟ್ಟಗಾಗ್ತೈತಿ ಅಂತ ಯಾರೋ ಹೇಳಿದ್ರು. ಒಂದು ವರ್ಷ ತಿಕ್ಕೀನಿ. ನೀ ಒದೀತಿದ್ದಿ, ಕಚ್ಚತಿದ್ದಿ. ನೆಟ್ಟಗಾಗ್ಲಿಲ್ಲ. ಖರೆ ಈ ಉಬ್ಬು ನನ್ನ ಬೆರಳಿಗೆ ಕುಂತಬಿಡ್ತು. ನೂರು ಮಂದಿ ಮಾರಿ ಮುಂದ ಇಡು, ಕಣ್ಣಿಲ್ದ ನಿನ್ನ ಹುಡಕತೀನಿ. ಆವತ್ತ ನಾ ನಿನ್ನ ಎತ್ಕೊಂಡ ಹೋಗಿದ್ರ ಇದು ಇರ್ತಿದ್ದಿಲ್ಲ. ನಿನಗ ಬ್ಯಾಡಾದ್ರ ಬ್ಯಾಡ. ನನಗ ಬೇಕು."

ನಲವತ್ತೈದು ವರ್ಷದ ಹೆಂಗಸು ನಾನು, ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತೆ. ಆ ಮೂಗಿನಿಂದ ನನಗೊಬ್ಬಳಿಗೇ ನೋವಾಗಿದೆ ಅಂದುಕೊಂಡಿದ್ದೆನಲ್ಲ, ಎಂಥ ಹುಚ್ಚಿ ನಾನು.

ಮಾರನೆಯ ದಿನ ಉಸ್ತಾದರಿಗೆ ನಡೆದದ್ದನ್ನೆಲ್ಲ ಹೇಳಿದೆ. ನಕ್ಕಾರು ಅಂದುಕೊಂಡಿದ್ದೆ. ಅವರು ಎದ್ದು ಬೀಗ ತೆಗೆದು, ಹತ್ತಿಯ ಸುತ್ತು ಬಿಚ್ಚಿ ಒಂದು ತುಂಡು ಹೊರತೆಗೆದರು. ಬಿಳಿ ಪದರ ರೊಟ್ಟಿಯಷ್ಟು ದಪ್ಪ. ಅಂಥ ತುಂಡನ್ನು ನಾನು ಇಪ್ಪತ್ತು ವರ್ಷದಲ್ಲಿ ಮುಟ್ಟಿರಲಿಲ್ಲ. ಯಾರಿಗಾಗಿ ಎತ್ತಿಟ್ಟಿದ್ದರೋ ಕೇಳಲು ಧೈರ್ಯವಾಗಲಿಲ್ಲ. "ಉಬ್ಬಿಗೆ ಜಾಗ ಬೇಕಲ್ಲ," ಅಂದರು ತಮ್ಮ ಹಿಂದಿಯಲ್ಲಿ. "ಮನೆಗೆ ಒಯ್ಯಿ. ನಾನು ಕಲಿಸಿದ್ದು ಈ ಮೂಗಿಗೆ ಉಪಯೋಗಕ್ಕೆ ಬಾರದು. ಈ ಸಲ ನಿನ್ನ ಅಮ್ಮನೇ ಉಸ್ತಾದ್."

ಅವರು ಹಾಗೆ ಅಂದದ್ದು ಮಾತಿಗೆ ಇರಬಹುದು, ನಾವು ಹಾಗೆಯೇ ಮಾಡಿದೆವು. ಭಾನುವಾರ ಬೆಳಿಗ್ಗೆ ನಮ್ಮ ಕಿಟಕಿಗೆ ಎದುರಿನ ಕಾರ್ಖಾನೆಯ ಗೋಡೆಗೆ ಬಡಿದು ಒಳ್ಳೆಯ ಬೆಳಕು ಬರುತ್ತದೆ. ಟ್ರಂಕಿನ ಮೇಲೆ ಸಾಮಾನು ಹರಡಿಕೊಂಡು ಕೂತೆ. ಅವ್ವ ಎದುರಿಗೆ ಕೂತಳು. ನಾನು ಒಂದಿಷ್ಟು ಕೆತ್ತಿ, ಪುಡಿ ಊದಿ, ಗೂಟವನ್ನು ಅವಳ ಬಲಗೈಗೆ ಕೊಡುವುದು. ಅವಳು ಎಡಗೈಯ ಹೆಬ್ಬೆರಳನ್ನು ನನ್ನ ಮೂಗಿನ ಮೇಲೂ ಬಲಗೈಯದನ್ನು ಚಿಪ್ಪಿನ ಮೇಲೂ ಇಟ್ಟು ಎರಡನ್ನೂ ಒಟ್ಟಿಗೆ ಇಳಿಸುವುದು. ಕಣ್ಣು ಮುಚ್ಚಿಯೇ ಇರುತ್ತಿದ್ದಳು. ಸ್ವಲ್ಪ ನೋಡಿ ಹೇಳವ್ವ ಅಂದರೆ, "ಕಣ್ಣ ತೆರದ್ರ ಬೆರಳ ಸೋಮಾರಿ ಆಗ್ತೈತಿ, ನೀ ಸುಮ್ನ ಕೆಲಸ ಮಾಡು," ಅನ್ನುತ್ತಿದ್ದಳು.

ಇಂಥ ಮೇಸ್ತ್ರಿಯನ್ನು ನಾನು ಕಂಡಿಲ್ಲ. "ಇಲ್ಲಿ ಇನ್ನಾ ದಪ್ಪ ಐತಿ. ತಗಿ. ಹಾಂ, ಅಷ್ಟಲ್ಲ, ಅಷ್ಟಲ್ಲ! ನಿಂದ್ರು!" ಎಂದು ಕೂಗಿದರೆ ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬರಬೇಕು. ಹಣೆಯಿಂದ ಹೊರಟ ಕೈ ಹಳೆಯ ಚಾಳಿಯಂತೆ ಉಬ್ಬಿನ ಹತ್ತಿರ ಬಂದಾಗಲೆಲ್ಲ ಮುಂದಕ್ಕೆ ಓಡಲು ನೋಡುತ್ತಿತ್ತು. ಪ್ರತಿ ಸಲ ಉಳಿ ಎತ್ತಬೇಕು, ಉಸಿರು ಬಿಡಬೇಕು, ಉಬ್ಬಿನ ಆಚೆ ಬದಿಯಿಂದ ಮತ್ತೆ ಶುರು ಮಾಡಬೇಕು. ಉಸ್ತಾದರು ಒಂದು ವರ್ಷ ಬೈದು ಬಿಡಿಸಿದ್ದನ್ನು ಅವ್ವ ಐದು ಭಾನುವಾರದಲ್ಲಿ ಬೈದು ಮತ್ತೆ ಕಲಿಸಿದಳು. ಪುಡಿಯ ಹಸಿ ವಾಸನೆ ಮೂಗಿಗೆ ಹೊಡೆದಾಗ, "ನನ್ನ ಮಗಳು ಮೀನ ಮಾರೋಕಿ ಆದ್ಲು," ಎಂದು ನಗುವಳು. ಜಡೆ ಬೇಡವಂತೆ, ಓಲೆಯೂ ಬೇಡ. "ಅವು ನಿನ್ನವಲ್ಲ. ಅಂಗಡಿಯವು." ಅವಳು ಹೇಳಿದಂತೆ ಬರೀ ಮುಖ ಕೆತ್ತಿದೆ.

ಆದರೆ ನನಗೆ ಒಳಗೊಳಗೇ ಭಯ. ದಿನಗಳು ಓಡುತ್ತಿದ್ದವು, ಅವಳ ಕಣ್ಣು ಕೆಡುವ ಮೊದಲು ಮುಗಿಯಬೇಕು. ಕಣ್ಣು ಬೆರಳಿಗೆ ಹೇಳಿಕೊಡಬೇಕು ಎಂದು ಕೇಳಿದ್ದಳಲ್ಲ, ಅವಳು ನನ್ನನ್ನು ಜೀವಮಾನದಲ್ಲಿ ಕೇಳಿದ್ದು ಅದೊಂದೇ. ಆ ಒಂದನ್ನೂ ಮೊದಲ ಸಲ ನನ್ನ ಅಂದದ ಆಸೆಗೆ ಹಾಳು ಮಾಡಿ ಮೂರು ವಾರ ತಿಂದಿದ್ದೆ. ಅಂಗಡಿಯಲ್ಲಿ ಬೇರೆಯವರ ಮೂಗು ಕೆತ್ತುವಾಗಲೂ ನನಗೆ ಅದೇ ಯೋಚನೆ.

ಐದನೆಯ ಭಾನುವಾರ ಮುಗಿಯಿತು. ಅರಗಿನಿಂದ ಬಿಡಿಸಿ, ಬ್ರಷ್ಷಿನಲ್ಲಿ ಸಾಬೂನು ಹಾಕಿ ತೊಳೆದು, ಎಣ್ಣೆಯಲ್ಲಿ ಒರೆಸಿದೆ. ಬೆಳಕು ಇನ್ನೂ ಇತ್ತು. ಓಡಿಹೋಗಿ ಅವ್ವನನ್ನು ಕಿಟಕಿಯ ಮುಂದೆ ಕೂರಿಸಿ ಚಿಪ್ಪನ್ನು ಅವಳ ಅಂಗೈಗೆ ಇಟ್ಟೆ.

"ನೋಡವ್ವ. ಈಗ ನೋಡು. ಕಣ್ಣ ತಗದು ನೋಡು."

ಅವ್ವ ಎರಡು ಬೆರಳಲ್ಲಿ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಕತ್ತು ಅತ್ತ ವಾಲಿಸಿದಳು, ಇತ್ತ ವಾಲಿಸಿದಳು. ತುಂಬ ಹೊತ್ತು ನೋಡಿದಳು.

"ಭಾಳ ಚಂದ ಬಂದೈತಿ," ಅಂದಳು. "ಈಗ ನೀನ ಅದಿ. ಅದ ಕಣ್ಣು, ಅದ ಬಾಯಿ."

ಅವಳು ಹಿಡಿದದ್ದು ಚಿಪ್ಪಿನ ಬೆನ್ನು. ನಾನು ಕೆತ್ತಿದ ಮುಖ ಕಿಟಕಿಯ ಕಡೆಗಿತ್ತು. ಅವಳ ಕಣ್ಣ ಮುಂದೆ ಇದ್ದದ್ದು ಏನೂ ಇಲ್ಲದ ಬರೀ ಕಂದು.

ಅವಳ ಮುಂದೆ ನೆಲದ ಮೇಲೆ ಕುಸಿದು ಕೂತೆ. "ಯಾವಾಗಿಂದವ್ವ?" ಅಂದೆ.

ಅವಳಿಗೆ ಅರ್ಥವಾಯಿತು.

"ಹ್ವಾದ ಅಮಾಸಿಯಿಂದ," ಅಂದಳು. "ಎರಡನೇ ಭಾನುವಾರದಾಗ್ಲೆ ಹೋಗಿತ್ತು. ಹೇಳಿದ್ರ ನೀ ಉಳಿ ಒಗದು ಅಳ್ಕೋತ ಕುಂದ್ರತಿದ್ದಿ. ನಿನ್ನ ಹೊಟ್ಟ್ಯಾಗ ನಾ ಹುಟ್ಟೇನೋ, ನನ್ನ ಹೊಟ್ಟ್ಯಾಗ ನೀ ಹುಟ್ಟೀಯೋ? ನನಗ ಗೊತ್ತಿಲ್ಲೇನು."

ಅವಳ ಕಣ್ಣು ಬೆರಳಿಗೆ ಏನನ್ನೂ ಹೇಳಿಕೊಡಲಾರದೆ ಹೋಗಿತ್ತು. ಆ ಮೂರು ವಾರ ಇದ್ದಿದ್ದರೆ ಸಾಕಿತ್ತು. ಚಿಪ್ಪನ್ನಾದರೂ ತಿರುಗಿಸಿ ಕೊಡೋಣ ಎಂದು ಕೈ ಚಾಚಿದೆ. ಅಷ್ಟರಲ್ಲಿ ಅವಳ ಹೆಬ್ಬೆರಳೇ ಅಂಚು ಹಿಡಿದು ಆಚೆ ಬದಿಗೆ ಹೋಗಿತ್ತು. ಹಣೆಯಿಂದ ಇಳಿಯಿತು. ನಡುವೆ ನಿಂತಿತು.

"ಬಂದ್ಯಾ?" ಅಂದಳು ಅವ್ವ.

ನನ್ನನ್ನಲ್ಲ, ಚಿಪ್ಪನ್ನು ಕೇಳಿದಳು. ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಟ್ಟಾಗ ಕೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ. ಆಮೇಲೆ ಎಡಗೈ ಚಾಚಿ ನನ್ನ ಮುಖ ಹುಡುಕಿದಳು, ಕೆನ್ನೆಯ ನೀರು ಒರೆಸಿದಳು, ಮೂಗಿಗೆ ಬಂದು ಅಲ್ಲೇ ಹೆಬ್ಬೆರಳು ಊರಿದಳು.

ಮೊದಲು ಕೆತ್ತಿದ ಆ ಸಾಹುಕಾರ್ತಿ ಈಗಲೂ ಅಂಗಡಿಯಲ್ಲಿ ನನ್ನ ಡ್ರಾಯರಿನಲ್ಲಿದ್ದಾಳೆ. ಕೇಳಿದವರಿಗೆ ಯಾರೋ ಮೇಡಂ ಅನ್ನುತ್ತೇನೆ. ಎರಡನೆಯದು ಅವ್ವನ ಚಂಚಿಯಲ್ಲಿ, ಅಡಿಕೆ ಚೂರುಗಳ ಜೊತೆ. ಪದಕ ಮಾಡಿಸಿ ಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾಳೆ, ಚೌಕಟ್ಟು ಬೆರಳಿಗೆ ಅಡ್ಡ ಬರುತ್ತದಂತೆ. ಬೆಳಿಗ್ಗೆ ನಾನು ಹೊರಡುವಾಗ ಅವಳ ಕೈ ಚಂಚಿಯೊಳಗೆ ಹೋಗುತ್ತದೆ. ಸಂಜೆ ಬಾಗಿಲು ತೆಗೆದ ಸದ್ದಿಗೆ ಅದನ್ನು ಒಳಗಿಟ್ಟು, ಆ ಕೈಯನ್ನೇ ನನ್ನ ಕಡೆಗೆ ಚಾಚುತ್ತಾಳೆ.

"ಬಂದ್ಯಾ?"

"ಬಂದೆನವ್ವ," ಎಂದು ನಾನು ಹೋಗಿ ಅವಳ ಮುಂದೆ ಮುಖ ಬಗ್ಗಿಸುತ್ತೇನೆ.